ಜೇನ್ ಮ್ಯಾನಿಂಗ್ ಜೇಮ್ಸ್: ಮಾರ್ಮನ್ನರ ಜೊತೆ ಯೂಟಾಗೆ ಹೋದ ಕಪ್ಪು ಹೆಣ್ಣುಮಗಳ ಕಥೆ

ಹಳೇಗಡಿಯಾರ

ಅಮೆರಿಕದ ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೋದವರ ಮಾತು ಇಲ್ಲಿ ಬಂದಾಗಲೆಲ್ಲ ಮಾರ್ಮನ್ನರ (ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ) ಹೆಸರು ಬರುತ್ತೆ, ಅವರ ಮುಖಂಡ ಬ್ರಿಗಮ್ ಯಂಗ್ ಬರುತ್ತಾನೆ, ಬಹುಪತ್ನಿತ್ವದ ಮೇಲೆ ಯಾರಾದರೂ ಒಂದು ಜೋಕ್ ಹೊಡೀತಾರೆ, ಅಲ್ಲಿಗೆ ಮುಗೀತು. ಅದರಾಚೆ ಒಬ್ಬಳ ಕಥೆ ಹಾಕಬೇಕು ಅಂತ ಬಹಳ ದಿನದಿಂದ ಇತ್ತು. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಜೇನ್ ಎಲಿಜಬೆತ್ ಮ್ಯಾನಿಂಗ್ ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ವಿಲ್ಟನ್ನಿನಲ್ಲಿ. ಹುಟ್ಟಿದ ವರ್ಷ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದೆ, 1820ರ ಆಸುಪಾಸು ಅಂದುಕೊಳ್ಳಿ. ತಾಯಿ ಮೊದಲು ಗುಲಾಮಳಾಗಿದ್ದು ಬಿಡುಗಡೆಯಾದವಳು. ಜೇನ್ ಹುಟ್ಟಿನಿಂದಲೇ ಸ್ವತಂತ್ರಳು. ಆದರೂ ಆರು ವರ್ಷದ ಹೊತ್ತಿಗೆ ಫಿಚ್ ಅನ್ನೋ ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದಳು. ಅಡುಗೆ, ಬಟ್ಟೆ ಒಗೆತ, ಇಸ್ತ್ರಿ ಎಲ್ಲ ಕಲಿತದ್ದು ಅಲ್ಲೇ. ಮದುವೆಗೆ ಮುಂಚೆಯೇ ಸಿಲ್ವೆಸ್ಟರ್ ಅನ್ನೋ ಮಗ ಹುಟ್ಟಿದ. ತಂದೆ ಯಾರು ಅಂತ ತನ್ನ ಆತ್ಮಕಥೆಯಲ್ಲಿ ಆಕೆ ಹೇಳೋದಿಲ್ಲ.

ನ್ಯೂ ಕೇನನ್ ಊರಿನ ಕಾಂಗ್ರಿಗೇಶನಲ್ ಸಭೆಗೆ ಸೇರಿದಳು. ಸೇರಿದರೂ ಇನ್ನೇನೋ ಬೇಕು ಅನ್ನಿಸುತ್ತಿತ್ತಂತೆ. ಅಷ್ಟರಲ್ಲಿ ಚಾರ್ಲ್ಸ್ ವಾಂಡೆಲ್ ಅನ್ನೋ ಮಾರ್ಮನ್ ಪ್ರಚಾರಕ ಊರಿಗೆ ಬಂದ. ಕೇಳೋಕೆ ಹೋಗಬೇಡ ಅಂದರು ಅವಳ ಪಾಸ್ಟರ್. ಹೋದಳು. ಮುಂದಿನ ಭಾನುವಾರವೇ ದೀಕ್ಷಾಸ್ನಾನ. ಇವರು ಪ್ರವಾದಿ ಅಂತ ನಂಬೋ ಜೋಸೆಫ್ ಸ್ಮಿತ್ ಈ ಪಂಥ ಕಟ್ಟಿ (1830) ಆಗಿನ್ನೂ ಹದಿಮೂರು ವರ್ಷ ಆಗಿರಲಿಲ್ಲ; ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿ ದಂಡೆಯ ನಾವೂ ಅನ್ನೋ ಊರು ಅವರ ಕೇಂದ್ರ. ಹೊಸಬರೆಲ್ಲ ಅಲ್ಲಿಗೆ ಬಂದು ಸೇರಬೇಕು ಅನ್ನೋದು ಅಂದಿನ ಕರೆ.

1843ರಲ್ಲಿ ಜೇನ್ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಗ ಎಲ್ಲರನ್ನೂ ಕಟ್ಟಿಕೊಂಡು ವಾಂಡೆಲ್ ತಂಡದ ಜೊತೆ ಹೊರಟಳು. ಕಾಲುವೆ ದೋಣಿಯಲ್ಲಿ ಬಫಲೋ ತನಕ ಬಂದರು. ಒಹಾಯೋ ಮುಟ್ಟಿದ ಮೇಲೆ ಚಾರ್ಜು ಕೊಡೋದು ಅಂತ ಮಾತಾಗಿತ್ತು. ದೋಣಿಯವರು ಬಫಲೋದಲ್ಲೇ ದುಡ್ಡು ಇಡಿ ಅಂದರು. ಇಲ್ಲ ಅಂದಿದ್ದಕ್ಕೆ ಮುಂದಕ್ಕೆ ಹತ್ತಿಸಿಕೊಳ್ಳಲಿಲ್ಲ. ತಂಡದ ಬಿಳಿಯರು ಮುಂದೆ ಹೋದರು. ಕಪ್ಪು ಕುಟುಂಬ ಇಳಿದು ನಡೆಯೋಕೆ ಶುರು ಮಾಡಿತು. ಎಂಟುನೂರು ಮೈಲಿಗೂ ಜಾಸ್ತಿ, ಅಂದರೆ 1,300 ಕಿ.ಮೀ. ಹತ್ತಿರ.

ಚಪ್ಪಲಿ ಬೂಟು ಸವೆದು ಹೋದವು. ಪಾದ ಬಿರಿದು, ಹೆಜ್ಜೆ ಇಟ್ಟಲ್ಲಿ ಇಡೀ ಪಾದದ ಗುರುತು ರಕ್ತದಲ್ಲಿ ಮೂಡುತ್ತಿತ್ತು ಅಂತ ಆಕೆಯೇ ಹೇಳಿದ್ದಾಳೆ. ನಿಂತು ಒಟ್ಟಿಗೆ ಪ್ರಾರ್ಥಿಸಿದೆವು, ಕಾಲು ವಾಸಿಯಾಯಿತು ಅಂತಲೂ ಹೇಳಿದ್ದಾಳೆ. ಪಿಯೋರಿಯ ಊರಲ್ಲಿ ಅಧಿಕಾರಿಗಳು ತಡೆದು, ಬಿಡುಗಡೆ ಪತ್ರ ತೋರಿಸಿ ಇಲ್ಲದಿದ್ದರೆ ಜೈಲು ಅಂದರು. ಇವರಿಗೆ ಮೊದಲು ಅವರು ಕೇಳೋದೇನು ಅಂತಲೇ ಗೊತ್ತಾಗಲಿಲ್ಲ. ಗುಲಾಮರೇ ಆಗಿರದವರ ಹತ್ತಿರ ಆ ಪತ್ರ ಎಲ್ಲಿಂದ ಬರಬೇಕು? ಸೇತುವೆ ಇಲ್ಲದ ಒಂದು ಹೊಳೆಯಲ್ಲಿ ಕುತ್ತಿಗೆ ಮಟ್ಟ ನೀರಲ್ಲಿ ದಾಟಿದರು. ಒಂದು ರಾತ್ರಿ ಬಯಲಲ್ಲೇ ಮಲಗಿ ಎದ್ದರೆ ಮೇಲೆಲ್ಲ ಹಿಮ ಬಿದ್ದ ಹಾಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಎದ್ದು ಭಜನೆ ಹಾಡುತ್ತಾ ಮುಂದೆ ಹೋದೆವು ಅನ್ನುತ್ತಾಳೆ.

ನಾವೂ ತಲುಪಿ ಸ್ಮಿತ್ ಮನೆ ಬಾಗಿಲಿಗೆ ಬಂದಾಗ ಆತನ ಹೆಂಡತಿ ಎಮ್ಮಾ "ಬನ್ನಿ, ಒಳಗೆ ಬನ್ನಿ" ಅಂದಳು. ಜೋಸೆಫ್ ಎಲ್ಲರನ್ನೂ ಕೂರಿಸಿ, ಈ ತಂಡದ ಯಜಮಾನಿ ನೀನೇ ಅಲ್ಲವಾ, ದಾರಿಯಲ್ಲಿ ಏನೇನಾಯಿತು ಹೇಳು ಅಂತ ಜೇನ್‌ಗೆ ಹೇಳಿದ. ಆಕೆ ಹೇಳಿ ಮುಗಿಸಿದ ಮೇಲೆ ಜೋಸೆಫ್ ಪಕ್ಕದಲ್ಲಿ ಕೂತಿದ್ದ ಡಾಕ್ಟರ್ ಬರ್ನ್‌ಹೈಸೆಲ್‌ರ ಮೊಣಕಾಲು ತಟ್ಟಿ, ಇದು ನಂಬಿಕೆ ಅಲ್ಲದೆ ಮತ್ತೇನು ಅಂದ. ನಾನಾಗಿದ್ದರೆ ಅರ್ಧ ದಾರಿಯಲ್ಲೇ ವಾಪಸ್ ಮನೆಗೆ ಹೋಗಿಬಿಡುತ್ತಿದ್ದೆನೇನೋ ಅಂದರಂತೆ ಡಾಕ್ಟರು.

ಮುಂದಿನದು ಆಮೇಲೆ ಬರೆಯುತ್ತೇನೆ.

ಬೆಣ್ಣೆದೋಸೆ

ಗುರುವೇ, ಚೆನ್ನಾಗಿದೆ. ಆದರೆ ಒಂದು ಡೌಟು. ಜೊತೆಗೆ ಬಂದ "ಸಹೋದರರು" ದೋಣಿಯಲ್ಲಿ ಮುಂದೆ ಹೋದರು, ಇವರು ಇಳಿದು ನಡೆದರು. ಧರ್ಮಕ್ಕೆ ಸೇರೋವಾಗ ಎಲ್ಲರೂ ಒಂದೇ, ಟಿಕೆಟ್ ದುಡ್ಡು ಬಂದಾಗ ಬೇರೆ. ಕಥೆಯ ಮೊದಲನೇ ಪುಟದಲ್ಲೇ ಕೊನೇ ಪುಟ ಕಾಣ್ತಿದೆ.

ಧಾರವಾಡದಾಕಿ

ಸಣ್ಣ ಹುಡುಗನ್ನ ಕಟ್ಟಿಕೊಂಡು ಅಷ್ಟ ದೂರ ನಡದಾಳಂದ್ರ! ನನಗ ಅಕಿ ಸಾಮಾನದ್ದ ಚಿಂತಿ ಹತ್ತೇದ. ಅರಿವಿ ಅಂಚಡಿ ಏನಾದ್ವು? ದೋಣ್ಯಾಗ ಹೋದ್ವೋ, ಇವರ ತಲಿಮ್ಯಾಲ ಬಂದ್ವೋ?

ಹಳೇಗಡಿಯಾರ

@ಧಾರವಾಡದಾಕಿ ಒಳ್ಳೇ ಪ್ರಶ್ನೆ ಅಕ್ಕ. ಆಕೆಯ ಬಟ್ಟೆಯೆಲ್ಲ ಒಂದು ಟ್ರಂಕಿನಲ್ಲಿತ್ತು, ಅದು ಮುಂದೆ ಹೋಗಿತ್ತು. ಆಕೆಯ ಕೈಗೆ ಮಾತ್ರ ಸಿಗಲೇ ಇಲ್ಲ. ಉಟ್ಟ ಬಟ್ಟೆಯಲ್ಲಿ ನಿಂತಿದ್ದಳು. ಮನೆಯವರೆಲ್ಲ ಊರಲ್ಲಿ ಅಲ್ಲಲ್ಲಿ ನೆಲೆ ಹುಡುಕಿಕೊಂಡು ಹೋದ ಮೇಲೆ ಇವಳೊಬ್ಬಳು ಸ್ಮಿತ್ ಮನೆಯಲ್ಲಿ ಅಳುತ್ತಾ ಕೂತಿದ್ದಾಗ ಜೋಸೆಫ್ ಬಂದು, ಯಾಕೆ ಅಳ್ತೀಯ, ನಿನಗೆ ಬೇಕು ಅಂದರೆ ಇದೇ ನಿನ್ನ ಮನೆ, ಇಲ್ಲಿ ಎಲ್ಲರ ಕಣ್ಣೀರೂ ಒರೆಸುತ್ತೇವೆ ಅಂದ. ಎಮ್ಮಾಗೆ ಹೇಳಿ ಅಂಗಡಿಯಿಂದ ಬಟ್ಟೆ ತರಿಸಿಕೊಟ್ಟ. ಮುದಿವಯಸ್ಸಿನಲ್ಲಿ ಜೇನ್ ಇದನ್ನು ನೆನೆಸಿಕೊಂಡು, ಥಾನುಗಟ್ಟಲೆ ಬಟ್ಟೆ ಕೊಡಿಸಿದಳು ಎಮ್ಮಾ, ಯಾವುದಕ್ಕೂ ಕೊರತೆಯಿರಲಿಲ್ಲ ಅಂದಿದ್ದಾಳೆ.

ಆಮೇಲೆ ಎಮ್ಮಾ ಕೇಳಿದಳು, ನಿನಗೆ ಏನೇನು ಕೆಲಸ ಬರುತ್ತೆ? ಒಗೆಯೋದು, ಇಸ್ತ್ರಿ, ಅಡುಗೆ, ಮನೆಗೆಲಸ. ಸರಿ, ಸುಧಾರಿಸಿಕೊಂಡ ಮೇಲೆ ಬಟ್ಟೆ ಒಗಿ. ನನಗೇನೂ ಆಯಾಸ ಇಲ್ಲ. ಹಾಗಾದರೆ ನಾಳೆ ಬೆಳಿಗ್ಗೆಯಿಂದ ಶುರು ಮಾಡು.

ಈ ಕಥೆಯಲ್ಲಿ ನನ್ನನ್ನು ಬಿಡದೆ ಹಿಡಿದಿರೋ ಜಾಗ ಮಾರನೇ ದಿನದ್ದು. ನೆಲಮಾಳಿಗೆಯಲ್ಲಿ ಒಗೆಯೋಕೆ ಬಂದ ಬಟ್ಟೆ ರಾಶಿಯಲ್ಲಿ ಜೋಸೆಫ್‌ನ ನಿಲುವಂಗಿಗಳಿದ್ದವು, ಅವರ ಗುಪ್ತ ವಿಧಿಗಳಲ್ಲಿ ತೊಡೋವು. ಅಂಥದ್ದನ್ನು ಜೇನ್ ಕಂಡೇ ಇರಲಿಲ್ಲ. ಕೈಯಲ್ಲಿ ಹಿಡಿದು ನೋಡುತ್ತಾ, ಯೋಚಿಸುತ್ತಾ ನಿಂತಳು. ಅದರ ಅರ್ಥ ಏನು ಅಂತ ದೇವರಾತ್ಮವೇ ತನಗೆ ತಿಳಿಸಿಕೊಟ್ಟಿತು ಅನ್ನುತ್ತಾಳೆ. ಹೊರಗಿನವರಿಗೆ ಹೇಳದ ಗುಟ್ಟದು. ಬಂದ ಹೊಸದರಲ್ಲೇ ಆ ಬಟ್ಟೆಯನ್ನು ಒಗೆದವಳು ಸಾಯೋ ತನಕ ಅದೇ ವಿಧಿಗಾಗಿ ಅರ್ಜಿ ಹಾಕುತ್ತಾ ಹೋದಳು.

ಬೆಣ್ಣೆದೋಸೆ

ಇಲ್ಲೂ ಅದೇ ನೋಡಿ. "ಇದೇ ನಿನ್ನ ಮನೆ" ಅಂದ ಮರುದಿನ ಬಟ್ಟೆ ರಾಶಿ. ಕನೆಕ್ಟಿಕಟ್‌ನಲ್ಲಿ ಫಿಚ್ ಮನೆ ಕೆಲಸ, ಇಲ್ಲಿ ಪ್ರವಾದಿ ಮನೆ ಕೆಲಸ. ವ್ಯತ್ಯಾಸ ಏನಪ್ಪಾ ಅಂದ್ರೆ ಇಲ್ಲಿ ಮಾತು ಸಿಹಿ.

ಸಾಲ್ಟ್‌ಲೇಕ್ ಸೊಸೆ

ನಾನು ಯೂಟಾದಲ್ಲೇ ಇರೋದು, ಮಾರ್ಮನ್ ಅಲ್ಲ. ಆದರೆ ಇಲ್ಲಿ ಇದ್ದ ಮೇಲೆ ಈ ಚರಿತ್ರೆ ಕಿವಿಗೆ ಬೀಳದೆ ಇರಲ್ಲ.

@ಬೆಣ್ಣೆದೋಸೆ ನೀವು ಹೇಳಿದ್ದು ಅರ್ಧ ನಿಜ. ಇನ್ನರ್ಧ ಕೇಳಿ. ಕೆಲಸಕ್ಕಿಟ್ಟುಕೊಂಡ ಅದೇ ಎಮ್ಮಾ ಒಂದು ದಿನ, ನಮ್ಮ ಮಗಳಾಗಿ ದತ್ತು ಬರ್ತೀಯಾ ಅಂತ ಕೇಳಿದಳು. ಜೇನ್ ಬಾಯಿ ಬಿಡಲಿಲ್ಲ. ಯೋಚನೆ ಮಾಡು ಅಂತ ಎರಡು ವಾರ ಬಿಟ್ಟು ಮತ್ತೆ ಕೇಳಿದಳು. "ಬೇಡಮ್ಮಾ" ಅಂದುಬಿಟ್ಟಳು ಜೇನ್. ಅದೇನು ಅಂತ ನನಗೆ ಅರ್ಥವೇ ಆಗಿರಲಿಲ್ಲ ಅಂತ ಆಮೇಲೆ ಹೇಳಿದ್ದಾಳೆ. ಇದು ಆಸ್ತಿಗೆ ಮಾಡಿಕೊಳ್ಳೋ ದತ್ತು ಅಲ್ಲ. ಮಾರ್ಮನ್ನರಲ್ಲಿ ಸೀಲಿಂಗ್ ಅಂತ ಒಂದು ವಿಧಿ ಇದೆ, ಅದರಲ್ಲಿ ಸೇರಿಸಿದ ಸಂಬಂಧ ಸತ್ತ ಮೇಲೂ ಉಳಿಯುತ್ತೆ ಅನ್ನೋ ನಂಬಿಕೆ. ಅಂದರೆ ಪ್ರವಾದಿಯ ಮನೆಮಗಳು, ಅನಂತಕಾಲಕ್ಕೂ. ಈ "ಬೇಡಮ್ಮಾ" ಆಕೆಯನ್ನು ಮುಂದೆ ಅರವತ್ತು ವರ್ಷ ಕಾಡಿತು.

ಇನ್ನೊಂದು. ಆ ಮನೆಯಲ್ಲಿ ಆಗ ಎಮಿಲಿ ಮತ್ತು ಎಲೈಜಾ ಪಾರ್ಟ್ರಿಜ್, ಮರಿಯಾ ಮತ್ತು ಸಾರಾ ಲಾರೆನ್ಸ್ ಅನ್ನೋ ಎರಡು ಜೋಡಿ ಅಕ್ಕತಂಗಿಯರಿದ್ದರು. ನಾವು ನಾಲ್ಕೂ ಜನ ಜೋಸೆಫ್‌ನ ಹೆಂಡಂದಿರು ಅಂತ ಜೇನ್ ಕಿವಿಯಲ್ಲಿ ಹೇಳಿದ್ದು ಅವರೇ. ಊರಿಗೇ ಗುಟ್ಟಾಗಿದ್ದ ವಿಷಯ ಅದು. ಬರೀ ಕೆಲಸದವಳು ಅಂದುಕೊಂಡಿದ್ದರೆ ಹೇಳುತ್ತಿದ್ದರೋ, ಕೆಲಸದವಳು ಅನ್ನೋ ಕಾರಣಕ್ಕೇ ಹೇಳಿದರೋ, ನೀವೇ ಯೋಚಿಸಿ. ಎಲೈಜಾ ಪಾರ್ಟ್ರಿಜ್ ಹೆಸರು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಧಾರವಾಡದಾಕಿ

ಮನಿಯೊಳಗಿನ ಗುಟ್ಟು ಅರಿವಿ ಒಗಿಯಾಕಿಗೆ ಮೊದಲ ಗೊತ್ತಾಗ್ತದ್ರಿ. ಹೇಳೂದ್ ಏನ್ ಬಂತು, ರಾಶಿ ನೋಡಿದ್ರ ತಿಳೀತದ.

ಹಳೇಗಡಿಯಾರ

ಹ್ಹಹ್ಹ, ಅಕ್ಕ ಹೇಳಿದ್ದಕ್ಕೆ ಎದುರು ಮಾತಿಲ್ಲ.

ಮುಂದುವರಿಸುತ್ತೇನೆ. 1844ರ ಜೂನ್ 27ರಂದು ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಜೋಸೆಫ್‌ನನ್ನು ಕೊಂದಿತು. ಜೇನ್ ಆಮೇಲೆ ಬ್ರಿಗಮ್ ಯಂಗ್ ಮನೆಯಲ್ಲಿ ಇದ್ದಳು. ಅಲ್ಲೇ ನ್ಯೂ ಜರ್ಸಿ ಕಡೆಯ ಐಸಾಕ್ ಜೇಮ್ಸ್ ಅನ್ನೋ ಕಪ್ಪು ಮಾರ್ಮನ್ನನನ್ನು ಮದುವೆಯಾದಳು. 1846ರಲ್ಲಿ ಸುತ್ತಲಿನವರ ಕಾಟ ತಡೆಯದೆ ಮಾರ್ಮನ್ನರು ನಾವೂ ಬಿಟ್ಟು ಹೊರಟಾಗ ಜೇನ್ ತುಂಬು ಬಸುರಿ. ಜೂನ್‌ನಲ್ಲಿ ಅಯೋವಾದ ದಾರಿಯಲ್ಲೇ ಸೈಲಸ್ ಹುಟ್ಟಿದ. ತಾಯಿ, ಒಡಹುಟ್ಟಿದವರಲ್ಲಿ ಹೆಚ್ಚಿನವರು ಹಿಂದೆಯೇ ಉಳಿದರು. ಆಕೆ ನಡೆಸಿಕೊಂಡು ಬಂದ ತಂಡವೇ ಆಕೆಯ ಜೊತೆ ಮುಂದೆ ಬರಲಿಲ್ಲ.

1847ರ ಸೆಪ್ಟೆಂಬರ್ 22ಕ್ಕೆ ಸಾಲ್ಟ್ ಲೇಕ್ ಕಣಿವೆ ತಲುಪಿದರು. ಬ್ರಿಗಮ್ ಯಂಗ್‌ನ ಮೊದಲ ತಂಡ ಬಂದು ಆಗ ಎರಡೇ ತಿಂಗಳು. ಆ ಮೊದಲ ತಂಡದಲ್ಲೂ ಮೂವರು ಕಪ್ಪು ಗಂಡಸರಿದ್ದರು: ಗ್ರೀನ್ ಫ್ಲೇಕ್, ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ. ಮೂವರೂ ದಕ್ಷಿಣದ ಮಾರ್ಮನ್ನರ ಗುಲಾಮರು. ಮಾಲೀಕರಿಗಿಂತ ಮುಂಚೆ ಕಳಿಸಿ, ಜಾಗ ಹಸನು ಮಾಡಿಸಿದ್ದು. ಜೇನ್ ಮತ್ತು ಐಸಾಕ್ ಅಲ್ಲಿಗೆ ಸ್ವತಂತ್ರರಾಗಿ ಬಂದವರು. 1848ರಲ್ಲಿ ಅವರಿಗೆ ಹುಟ್ಟಿದ ಮೇರಿ ಆನ್ ಯೂಟಾದಲ್ಲಿ ಹುಟ್ಟಿದ ಮೊದಲ ಕಪ್ಪು ಮಗು ಅಂತ ಹೇಳುತ್ತಾರೆ.

ಸಾಲ್ಟ್‌ಲೇಕ್ ಸೊಸೆ

ಮೊದಲ ತಂಡ ಬಂದ ಜುಲೈ 24 ಇಲ್ಲಿ ಈಗಲೂ ರಾಜ್ಯದ ರಜೆ. ಮೆರವಣಿಗೆ, ಪಟಾಕಿ, ಎಲ್ಲ ಜೋರು. 1869ರಲ್ಲಿ ರೈಲು ಬರೋಕೆ ಮುಂಚೆ ಬಂದವರನ್ನು ಮಾತ್ರ ಪಯೋನಿಯರ್ ಅಂತಾರೆ, ಅಂಥವರ ಮನೆತನ ಅಂದರೆ ಇಲ್ಲಿ ಒಂದು ತೂಕ. ಆ ಲೆಕ್ಕದಲ್ಲಿ 1847ರವರು ಅಂದರೆ ಮೊದಲನೇ ಸಾಲು.

ಈಗ ಎಲೈಜಾ ಪಾರ್ಟ್ರಿಜ್ ವಿಷಯ. ಜೋಸೆಫ್ ಸತ್ತ ಮೇಲೆ ಆಕೆ ಅಮಾಸಾ ಲೈಮನ್ ಅನ್ನೋ ಮುಖಂಡನನ್ನು ಮದುವೆಯಾಗಿದ್ದಳು. 1849ರ ಏಪ್ರಿಲ್‌ನಲ್ಲಿ ಆತ ಮಿಷನ್ ಕೆಲಸಕ್ಕೆ ಕ್ಯಾಲಿಫೋರ್ನಿಯಾಗೆ ಹೊರಟ. ಮನೆಯಲ್ಲಿ ರೊಟ್ಟಿಗೆ ಹಿಟ್ಟಿರಲಿಲ್ಲ. ಆ ತಿಂಗಳು ಎಲೈಜಾ ದಿನಚರಿಯಲ್ಲಿ ಒಂದು ಸಾಲು ಬರೆದಿದ್ದಾಳೆ: ಕಪ್ಪು ಹೆಂಗಸು ಜೇನ್ ಜೇಮ್ಸ್ ನನಗೆ ಎರಡು ಪೌಂಡ್ ಹಿಟ್ಟು ಕೊಟ್ಟಳು, ಅವಳ ಹತ್ತಿರ ಇದ್ದಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ.

ಎರಡು ಪೌಂಡ್ ಅಂದರೆ ಒಂದು ಕಿಲೋಗೂ ಕಮ್ಮಿ. ಮನೆಯಲ್ಲಿ ಇದ್ದಿದ್ದೇ ಎರಡು ಕಿಲೋ ಒಳಗೆ, ಮೂರು ಮಕ್ಕಳು.

ಬೆಣ್ಣೆದೋಸೆ

ಇದಕ್ಕೆ ನಂದೂ ಒಂದು ಸಲಾಂ. ಮುಖಂಡನ ಹೆಂಡತಿ ಮನೆಗೆ ಹಿಟ್ಟು ಕೊಟ್ಟವಳನ್ನು ಅವರ ಪಂಥದವರು ದೊಡ್ಡ ಮನುಷ್ಯರ ಸಾಲಲ್ಲಿ ಇಟ್ಟಿರಲಿಲ್ಲ. ಸರಿ, ಆಮೇಲೆ ಇವಳಿಗೆ ಏನು ಕೊಟ್ಟರು ಹೇಳಿ.

ಕರಾವಳಿ ಕಾಗದ

ಅದಕ್ಕೆ ಮುಂಚೆ ಒಂದು ವಿವರಣೆ ಬೇಕು ಮಾರಾಯ್ರೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗ್ಲಿಕ್ಕಿಲ್ಲ. ನಾವು ಕ್ಯಾಥೊಲಿಕರಿಗೆ ಇಗರ್ಜಿ ಒಂದೇ, ಪೂಜೆಗೆ ಯಾರು ಬೇಕಾದರೂ ಬಂದು ಹಿಂದೆ ಕೂತುಕೊಳ್ಬಹುದು. ಮಾರ್ಮನ್ನರಲ್ಲಿ ಎರಡು ಉಂಟು. ವಾರವಾರ ಸೇರುವ ಚಾಪೆಲ್, ಅದಕ್ಕೆ ಎಲ್ಲರೂ ಹೋಗ್ಬಹುದು. ಟೆಂಪಲ್ ಬೇರೆ, ಒಳಗೆ ಹೋಗ್ಲಿಕ್ಕೆ ಸ್ಥಳೀಯ ಮುಖಂಡರ ಶಿಫಾರಸು ಚೀಟಿ ಬೇಕು. ಎಂಡೋಮೆಂಟ್ ಅನ್ನುವ ವಿಧಿ, ಗಂಡಹೆಂಡತಿ ಮಕ್ಕಳನ್ನು ಅನಂತಕಾಲಕ್ಕೆ ಸೇರಿಸುವ ಸೀಲಿಂಗ್, ಸತ್ತವರ ಹೆಸರಿನಲ್ಲಿ ದೀಕ್ಷಾಸ್ನಾನ, ಎಲ್ಲ ಅಲ್ಲಿ. ಮೇಲಿನ ಸ್ವರ್ಗಕ್ಕೆ ಎಂಡೋಮೆಂಟ್ ಮತ್ತು ಸೀಲಿಂಗ್ ಇಲ್ಲದೆ ಆಗುವುದಿಲ್ಲ ಅಂತ ಅವರ ಬೋಧನೆ.

ಯಾಜಕತ್ವವೂ ನಮ್ಮ ಹಾಗೆ ಪಾದ್ರಿಗಳಿಗೆ ಮಾತ್ರ ಅಲ್ಲ, ಯೋಗ್ಯನಾದ ಪ್ರತಿಯೊಬ್ಬ ಗಂಡಸಿಗೂ ಕೊಡ್ತಾರೆ. ಜೋಸೆಫ್ ಕಾಲದಲ್ಲಿ ಎಲೈಜಾ ಏಬಲ್ ಅನ್ನುವ ಕಪ್ಪು ಬಡಗಿಗೆ 1836ರಲ್ಲಿ ಅದು ಸಿಕ್ಕಿತ್ತು. ಮ್ಯಾಸಚುಸೆಟ್ಸ್‌ನ ಲೋವೆಲ್ ಊರಿನ ಕ್ಷೌರಿಕ ವಾಕರ್ ಲೂಯಿಸ್‌ಗೂ ಸಿಕ್ಕಿತ್ತು. 1852ರಲ್ಲಿ ಬ್ರಿಗಮ್ ಯಂಗ್ ಯೂಟಾದ ಶಾಸನಸಭೆಯಲ್ಲಿ, ಕಪ್ಪು ಜನರಿಗೆ ಯಾಜಕತ್ವ ಇಲ್ಲ ಅಂತ ಘೋಷಿಸಿದ. ಅದೇ ವರ್ಷ ಅಲ್ಲಿ ಗುಲಾಮಗಿರಿಗೆ ಕಾನೂನಿನ ಚೌಕಟ್ಟೂ ಬಂತು. ಹೆಂಗಸರಿಗೆ ಯಾಜಕತ್ವ ಹೇಗೂ ಇರ್ಲಿಲ್ಲ. ಆದರೆ ಈ ನಿಷೇಧದ ನೆರಳಿನಲ್ಲಿ ಕಪ್ಪು ಹೆಂಗಸರಿಗೂ ಎಂಡೋಮೆಂಟ್, ಸೀಲಿಂಗ್ ಎರಡೂ ತಪ್ಪಿಹೋಯಿತು.

ಹಳೇಗಡಿಯಾರ

ಧನ್ಯವಾದ ಕಾಗದ ಸರ್, ನಾನು ಬರೆದಿದ್ದರೆ ಇಷ್ಟು ಚೊಕ್ಕ ಆಗುತ್ತಿರಲಿಲ್ಲ.

ಜೇನ್ ಬದುಕು ಒಂದಷ್ಟು ವರ್ಷ ನೆಟ್ಟಗೇ ಇತ್ತು. ಜಮೀನು, ಮನೆ, ದನಕರು. 1870ರ ಹೊತ್ತಿಗೆ ಐಸಾಕ್ ಬಿಟ್ಟುಹೋದ, ವಿಚ್ಛೇದನ ಆಯಿತು. ಇನ್ನೊಂದು ಮದುವೆ ಮಾಡಿಕೊಂಡಳು, ಅದೂ ಬಾಳಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕಣ್ಣೆದುರೇ ಹೋದರು. ಆಕೆ ಸಾಯೋವಾಗ ಉಳಿದಿದ್ದು ಇಬ್ಬರೇ. ಬಟ್ಟೆ ಒಗೆದು ಜೀವನ. ಆ ದುಡಿಮೆಯಲ್ಲೇ ಚರ್ಚಿಗೆ ದಶಮಾಂಶ (ಹತ್ತರಲ್ಲೊಂದು ಪಾಲು) ಕೊಟ್ಟಳು, ಟೆಂಪಲ್ ಕಟ್ಟೋ ನಿಧಿಗೂ ಕೊಟ್ಟಳು. ಇಪ್ಪತ್ತು ವರ್ಷ ಕಳೆದು ಐಸಾಕ್ ವಾಪಸ್ ಬಂದಾಗ ಮನೆಗೆ ಸೇರಿಸಿಕೊಂಡಳು. 1891ರಲ್ಲಿ ಆತ ತೀರಿಕೊಂಡಾಗ ಶವಸಂಸ್ಕಾರದ ಪ್ರಾರ್ಥನೆ ಆಕೆಯ ಮನೆಯಲ್ಲೇ ಆಯಿತು.

ಅರ್ಜಿಗಳ ವಿಷಯ. ಎಲೈಜಾ ಏಬಲ್ ಕೂಡ ಎಂಡೋಮೆಂಟ್ ಕೇಳಿ ಇಲ್ಲ ಅನ್ನಿಸಿಕೊಂಡವನು. ಆತ ಸತ್ತದ್ದು 1884ರ ಡಿಸೆಂಬರ್ 25. ಜೇನ್ ಚರ್ಚಿನ ಆಗಿನ ಅಧ್ಯಕ್ಷ ಜಾನ್ ಟೇಲರ್‌ಗೆ ಕಳಿಸಿದ ಪತ್ರದ ತಾರೀಕು ಡಿಸೆಂಬರ್ 27. ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ, ತಾರೀಕು ಅಕ್ಕಪಕ್ಕ ಇವೆ. ಆ ಪತ್ರದ ವಾದ ನೋಡಿ: ನನ್ನ ಜನಾಂಗ, ನನ್ನ ಬಣ್ಣ ನನಗೆ ಗೊತ್ತು, ಬಿಳಿಯರ ಹಾಗೆ ನನಗೂ ಸಿಗುತ್ತೆ ಅಂತ ನಿರೀಕ್ಷಿಸೋದಿಲ್ಲ. ಆದರೆ ನಿನ್ನ ಸಂತತಿಯಿಂದ ಭೂಮಿಯ ಎಲ್ಲ ಜನಾಂಗಗಳಿಗೂ ಆಶೀರ್ವಾದ ಅಂತ ದೇವರು ಅಬ್ರಹಾಮನಿಗೆ ಮಾತು ಕೊಟ್ಟಿದ್ದಾನಲ್ಲ, ಇದು ಎಲ್ಲವೂ ಪೂರ್ಣವಾಗೋ ಕಾಲ ಅಂತೀರಲ್ಲ, ಹಾಗಾದರೆ ನನಗೆ ಯಾವ ಆಶೀರ್ವಾದವೂ ಇಲ್ಲವೇ? ಅದರ ಜೊತೆಗೇ ಎಮ್ಮಾ ದತ್ತು ಕೇಳಿದ್ದನ್ನೂ ಬರೆದಿದ್ದಾಳೆ. ಮೊದಲ ಸಾಲಲ್ಲಿ ತಲೆ ಬಗ್ಗಿಸಿದ ಹಾಗೆ ಕಾಣುತ್ತೆ, ಮುಂದಿನ ಸಾಲಲ್ಲಿ ಅವರದೇ ಧರ್ಮಗ್ರಂಥ, ಅವರದೇ ಬೋಧನೆ ಹಿಡಿದು ಉತ್ತರ ಕೇಳುತ್ತಾಳೆ. ವಕೀಲರ ನೋಟಿಸ್ ಇದ್ದ ಹಾಗಿದೆ!

1888ರಲ್ಲಿ ಸತ್ತ ಬಂಧುಗಳ ಹೆಸರಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳೋಕೆ ಟೆಂಪಲ್ ಚೀಟಿ ಕೊಟ್ಟರು. ಅಷ್ಟಕ್ಕೇ. 1890ರಲ್ಲಿ ಜೋಸೆಫ್ ಎಫ್. ಸ್ಮಿತ್‌ಗೆ ಬರೆದಳು (ಪ್ರವಾದಿಯ ಅಣ್ಣನ ಮಗ, ಮುಂದೆ ತಾನೇ ಅಧ್ಯಕ್ಷನಾದವನು). ವಾಕರ್ ಲೂಯಿಸ್‌ಗೆ ಯಾಜಕತ್ವ ಇತ್ತಲ್ಲ, ಆತನ ಜೊತೆ ನನ್ನನ್ನು ಸೀಲ್ ಮಾಡಿ ಅಂತಲೂ ಕೇಳಿದಳು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟೋಳು.

ಕೊನೆಗೆ 1894ರ ಮೇ 18ರಂದು ಸಾಲ್ಟ್ ಲೇಕ್ ಟೆಂಪಲ್‌ನಲ್ಲಿ ಒಂದು ವಿಧಿ ನಡೆಸಿದರು. ಜೇನ್‌ಳನ್ನು ಪ್ರವಾದಿಯ ಮನೆತನಕ್ಕೆ ಅನಂತಕಾಲಕ್ಕೂ ಸೇವಕಿಯಾಗಿ ಸೇರಿಸೋ ವಿಧಿ. ಮಗಳಾಗಿ ಅಲ್ಲ. ಸತ್ತಿದ್ದ ಪ್ರವಾದಿಯ ಪರವಾಗಿ ಜೋಸೆಫ್ ಎಫ್. ಸ್ಮಿತ್ ನಿಂತ. ಜೇನ್ ಪರವಾಗಿ ಬತ್‌ಶೀಬಾ ಸ್ಮಿತ್ ಅನ್ನೋ ಬಿಳಿಯ ಮಹಿಳೆ ನಿಂತಳು. ಜೇನ್ ಬದುಕಿದ್ದಳು, ಅದೇ ಊರಲ್ಲಿದ್ದಳು. ಒಳಗೆ ಬಿಡಲಿಲ್ಲ.

ಧಾರವಾಡದಾಕಿ

ಜೀವಂತ ಇದ್ದಾಕಿಗೆ ಬದಲಿ ನಿಲ್ಲಿಸ್ಯಾರ? ಅಯ್ಯ ಶಿವನ.

ಬೆಣ್ಣೆದೋಸೆ

ಇದೇ, ಇದೇ ನಾನು ಹೇಳ್ತಿದ್ದಿದ್ದು. ನಮ್ಮ ಕನಕದಾಸರನ್ನೂ ಹೊರಗೆ ನಿಲ್ಲಿಸಿದ್ದರು.

ಕರಾವಳಿ ಕಾಗದ

ಆ ಹೋಲಿಕೆ ಬರುತ್ತದೆ ಅಂತ ಗೊತ್ತಿತ್ತು. ಆದರೆ ಹೊಂದುವುದಿಲ್ಲ ದೋಸೆಯವರೇ. ಕನಕನ ಕಥೆಯಲ್ಲಿ ದೇವರೇ ತಿರುಗಿ ದರ್ಶನ ಕೊಟ್ಟ, ಗೋಡೆ ಒಡೀತು. ಇಲ್ಲಿ ಗೋಡೆ ಗಟ್ಟಿಯಾಗೇ ಉಳೀತು, ಅರ್ಜಿ ಮಾತ್ರ ಹೋಗ್ತಾ ಇತ್ತು.

ನಿರ್ವಾಹಕ

ಹೋಲಿಕೆ ಬೇಕಾದರೆ ಅದಕ್ಕೆ ಬೇರೆ ಚರ್ಚೆ ತೆಗೆಯಿರಿ. ಇಲ್ಲಿ ಜೇನ್ ಬಗ್ಗೆ ಮಾತ್ರ. ಇಂದಿನ ಮಾರ್ಮನ್ನರನ್ನು ಹೀಯಾಳಿಸುವ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ಧಾರವಾಡದಾಕಿ

ಒಂದ್ ಮಾತ್ ಕೇಳ್ತೀನ್ರಿ. ಇಷ್ಟ ಅವಮಾನ ಆದ ಮ್ಯಾಲ ಅಕಿ ಯಾಕ ಬಿಟ್ಟು ಹೋಗಲಿಲ್ಲ? ತವರುಮನಿಯವರು ಬಿಟ್ಟೇ ಬಿಟ್ರಲ್ಲ. ಕನೆಕ್ಟಿಕಟ್‌ದಾಗ ಪಾಸ್ಟರ್ ಬ್ಯಾಡ ಅಂದ್ರೂ ಹೋದಾಕಿ, ಇಲ್ಲಿ ಎದ್ದು ಹೋಗಾಕ ಏನ್ ಅಡ್ಡಿ ಇತ್ತು?

ಬೆಣ್ಣೆದೋಸೆ

ಎಲ್ಲಿಗೆ ಹೋಗೋದು ಅಕ್ಕ? 1890ರ ಅಮೆರಿಕದಲ್ಲಿ ಎಪ್ಪತ್ತು ವರ್ಷದ ಕಪ್ಪು ಹೆಂಗಸಿಗೆ ಯಾವ ಊರು ಕಾದಿತ್ತು? ಸ್ವಂತ ಮನೆ ಇರೋದು ಸಾಲ್ಟ್ ಲೇಕ್‌ನಲ್ಲಿ. ಮಕ್ಕಳ ಸಮಾಧಿ ಇರೋದು ಅಲ್ಲೇ.

ಸಾಲ್ಟ್‌ಲೇಕ್ ಸೊಸೆ

ಅದು ಇರಬಹುದು. ಆದರೆ ಅಷ್ಟೇ ಆಗಿದ್ದರೆ ಸುಮ್ಮನೆ ಇದ್ದುಬಿಡುತ್ತಿದ್ದಳು. ಅರ್ಜಿ ಹಾಕೋ ಅಗತ್ಯ ಏನಿತ್ತು? ನನಗನ್ನಿಸೋದು, ಆಕೆ ಈಗಿನ ಮುಖಂಡರ ಹತ್ತಿರ ಏನೂ ಬೇಡುತ್ತಿರಲಿಲ್ಲ. ಇವರೆಲ್ಲ ಹುಡುಗರಾಗಿದ್ದಾಗ ನಾನು ಪ್ರವಾದಿಯ ಮನೆಯಲ್ಲಿದ್ದೆ, ನನ್ನನ್ನು ಮಗಳಾಗು ಅಂತ ಆ ಮನೆಯವರೇ ಕೇಳಿದ್ದರು, ಬಾಕಿ ಇರೋದನ್ನು ಕೊಡಿ ಅನ್ನೋ ಧಾಟಿ ಅದು. ಜೋಸೆಫ್ ಎಫ್. ಸ್ಮಿತ್ 1838ರಲ್ಲಿ ಹುಟ್ಟಿದವನು, ಜೇನ್ ನಾವೂಗೆ ಬಂದಾಗ ಐದು ವರ್ಷದ ಮಗು.

ಬಿಟ್ಟುಹೋಗಿದ್ದರೆ ಆ ಹಕ್ಕೂ ಹೋಗುತ್ತಿತ್ತು.

ಹಳೇಗಡಿಯಾರ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. 1894ರ ವಿಧಿ ಆದ ಮೇಲೆ ಸುಮ್ಮನಾದಳಾ ಅಂದರೆ ಅದೂ ಇಲ್ಲ. ಆಕೆಗೆ ಇದರಿಂದ ಸಮಾಧಾನ ಆಗಲಿಲ್ಲ, ಮತ್ತೆ ಅರ್ಜಿ ಹಾಕಿದ್ದಾಳೆ ಅಂತ ಮುಖಂಡರ ಸಭೆಯ ನಡಾವಳಿಯಲ್ಲೇ ದಾಖಲಾಗಿದೆ. ಬರೆದುಕೊಂಡವರ ಕಿರಿಕಿರಿ ಓದಿದರೆ ಕಾಣುತ್ತೆ.

ಅವರ ನಡವಳಿಕೆಯಲ್ಲಿನ ವಿಚಿತ್ರ ನೋಡಿ. ಟೆಂಪಲ್ ಒಳಗೆ ಬಿಡಲಿಲ್ಲ, ಆದರೆ ಸಾರ್ವಜನಿಕ ಸಭೆ ನಡೆಯೋ ಟೆಬರ್ನೇಕಲ್‌ನಲ್ಲಿ ಆಕೆಗೂ, 1890ರ ದಶಕದಲ್ಲಿ ಆಕೆಯ ಜೊತೆ ಬಂದು ಇದ್ದ ಸಹೋದರ ಐಸಾಕ್ ಮ್ಯಾನಿಂಗ್‌ಗೂ ಮುಂದಿನ ಸಾಲಲ್ಲಿ ಸೀಟು ಕಾದಿರಿಸಿದ್ದರು. ಊರಿಗೆಲ್ಲ "ಆಂಟ್ ಜೇನ್". ಪ್ರವಾದಿಯನ್ನು ಕಣ್ಣಾರೆ ಕಂಡವಳು ಅಂತ ಪಯೋನಿಯರ್ ಕೂಟಗಳಿಗೆ ಕರೆದು ಕೂರಿಸಿ ಮಾತಾಡಿಸುತ್ತಿದ್ದರು.

ಬೆಣ್ಣೆದೋಸೆ

ಫೋಟೋಗೆ ಬೇಕು, ಪಂಕ್ತಿಗೆ ಬೇಡ.

ಇರಲಿ. ಈ ಆತ್ಮಕಥೆಯನ್ನೇ ಎಷ್ಟು ನಂಬೋದು? ಆಕೆಯೇ ಕೂತು ಬರೆದಿದ್ದಾ?

ಹಳೇಗಡಿಯಾರ

ಇಲ್ಲ, ಮುದುಕಿಯಾದ ಮೇಲೆ ಹೇಳಿ ಬರೆಸಿದ್ದು. ಬರೆದುಕೊಂಡವಳು ಎಲಿಜಬೆತ್ ರೌಂಡಿ ಅನ್ನೋ ಬಿಳಿಯ ಮಾರ್ಮನ್ ಮಹಿಳೆ. ತನ್ನ ಶವಸಂಸ್ಕಾರದಲ್ಲಿ ಓದಬೇಕು ಅನ್ನೋದು ಜೇನ್ ಆಸೆ. ಅಂದರೆ ಯಾರ ಕಿವಿಗೆ ಬೀಳುತ್ತೆ ಅಂತ ಗೊತ್ತಿಟ್ಟುಕೊಂಡೇ ಹೇಳಿದ್ದು. ಹಾಗಾಗಿ ಅದರಲ್ಲಿ ಏನಿದೆ ಅನ್ನೋದರಷ್ಟೇ ಏನಿಲ್ಲ ಅನ್ನೋದನ್ನೂ ನೋಡಬೇಕು. ಟೆಂಪಲ್‌ಗೆ ಹೋಗಿ ಸತ್ತ ಬಂಧುಗಳಿಗಾಗಿ ದೀಕ್ಷಾಸ್ನಾನ ಮಾಡಿಸಿಕೊಂಡ ಭಾಗ್ಯ ನನ್ನದು ಅಂತ ಹೇಳುತ್ತಾಳೆ. 1894ರ ಸೇವಕಿ ವಿಧಿಯ ಬಗ್ಗೆ ಚಕಾರ ಇಲ್ಲ. ಎಮ್ಮಾ ದತ್ತು ಕೇಳಿದ್ದು ಮಾತ್ರ ಸ್ಪಷ್ಟವಾಗಿ, ಮಾತಿಗೆ ಮಾತು ಸಮೇತ ಇದೆ. ಯಾವುದನ್ನು ಸಭೆಯ ಮುಂ‌ದೆ ಓದಿಸಬೇಕು ಅನ್ನೋದು ಆಕೆಗೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಓದು.

ಕೊನೆಯ ಭಾಗದಲ್ಲಿ ನನ್ನ ನಂಬಿಕೆ ದೀಕ್ಷೆ ತಗೊಂಡ ದಿನಕ್ಕಿಂತ ಈಗ ಗಟ್ಟಿಯಾಗಿದೆ, ದಶಮಾಂಶ ಕೊಡುತ್ತೇನೆ, ಬೇಗ ಮಲಗಿ ಬೇಗ ಏಳುತ್ತೇನೆ ಅಂತ ಲೆಕ್ಕ ಒಪ್ಪಿಸುತ್ತಾಳೆ. ಭಕ್ತಿಯೇ ಅದು, ಅನುಮಾನ ಇಲ್ಲ. ಜೊತೆಗೆ, ನನ್ನಲ್ಲಿ ಯಾವ ಕೊರತೆ ಕಂಡಿರಿ ಹೇಳಿ ಅನ್ನೋ ಸವಾಲೂ ನನಗೆ ಕೇಳಿಸುತ್ತೆ.

1908ರ ಏಪ್ರಿಲ್ 16ರಂದು ತೀರಿಕೊಂಡಳು. ಶವಸಂಸ್ಕಾರದಲ್ಲಿ ಮಾತಾಡಿದವರಲ್ಲಿ ಒಬ್ಬ, ಆಗ ಅಧ್ಯಕ್ಷನಾಗಿದ್ದ ಜೋಸೆಫ್ ಎಫ್. ಸ್ಮಿತ್.

ಧಾರವಾಡದಾಕಿ

ಅವಾ ಏನ್ ಮಾತಾಡ್ಯಾನೋ ಏನೋ, ನನಗ ಕೇಳೂ ಮನಸಿಲ್ಲ.

ಸಾಲ್ಟ್‌ಲೇಕ್ ಸೊಸೆ

ಮುಂದಿನದು ನಾನು ಹೇಳ್ತೀನಿ. ನಿಷೇಧ ಹೋಗಿದ್ದು 1978ರ ಜೂನ್‌ನಲ್ಲಿ, ಸ್ಪೆನ್ಸರ್ ಕಿಂಬಲ್ ಅಧ್ಯಕ್ಷನಾಗಿದ್ದಾಗ. 1979ರಲ್ಲಿ ಜೇನ್ ಹೆಸರಲ್ಲಿ ಎಂಡೋಮೆಂಟ್ ಮಾಡಿಸಿದರು. ಸತ್ತು 71 ವರ್ಷ ಆದ ಮೇಲೆ. 1999ರಲ್ಲಿ ಸಾಲ್ಟ್ ಲೇಕ್ ಸಿಟಿ ಸ್ಮಶಾನದಲ್ಲಿ ಆಕೆಯ ಸಮಾಧಿ ಹತ್ತಿರ ಸ್ಮಾರಕ ಇಟ್ಟರು, ಕಪ್ಪು ಮಾರ್ಮನ್ನರ ಜೆನೆಸಿಸ್ ಸಂಘ ಅದರಲ್ಲಿ ಮುಂದೆ ಇತ್ತು. ಕಪ್ಪು ಚರ್ಮ ಅಂದರೆ ಶಾಪ ಅಂತ ಹಿಂದೆ ಹೇಳುತ್ತಿದ್ದ ವಿವರಣೆಗಳನ್ನೆಲ್ಲ ತಾವು ಒಪ್ಪೋದಿಲ್ಲ ಅಂತ ಚರ್ಚು 2013ರಲ್ಲಿ ಲಿಖಿತವಾಗಿ ಹೇಳಿತು. 2022ರಲ್ಲಿ ಇಲ್ಲಿನ ದಿಸ್ ಈಸ್ ದ ಪ್ಲೇಸ್ ಹೆರಿಟೇಜ್ ಪಾರ್ಕ್‌ನಲ್ಲಿ ಜೇನ್ ಮತ್ತು ಆ ಮೂವರು ಗುಲಾಮ ಪಯೋನಿಯರ್‌ಗಳ ಪ್ರತಿಮೆ ನಿಂತವು.

ಬೆಣ್ಣೆದೋಸೆ

1979ರದ್ದೂ ಬದಲಿ ವ್ಯಕ್ತಿಯನ್ನು ನಿಲ್ಲಿಸಿ ಮಾಡಿದ್ದೇ ತಾನೇ?

ಕರಾವಳಿ ಕಾಗದ

ಸತ್ತವರಿಗೆಲ್ಲ ಅವರು ಹಾಗೇ ಮಾಡುವುದು, ಅದರಲ್ಲಿ ವಿಶೇಷ ಇಲ್ಲ. 1979ರಲ್ಲಿ ಬದಲಿ ನಿಂತದ್ದು ಆಕೆ ಸತ್ತಿದ್ದಕ್ಕೆ, 1894ರಲ್ಲಿ ನಿಂತದ್ದು ಆಕೆ ಕಪ್ಪಗಿದ್ದದ್ದಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕ್ಬೇಡಿ.

ಅಂದ ಹಾಗೆ ಈ ಟೆಂಪಲ್ ವಿಷಯ ನಮಗೆ ಅಷ್ಟು ದೂರದ್ದೇನೂ ಅಲ್ಲ. ಬೆಂಗಳೂರಿಗೆ ಒಂದು ಟೆಂಪಲ್ ಅಂತ 2018ರ ಏಪ್ರಿಲ್‌ನಲ್ಲಿ ಘೋಷಣೆ ಮಾಡಿದ್ದಾರೆ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯ ಹಾಗೆ ಅವರದೊಂದು ಕಾರ್ಯಕ್ರಮವೂ ಆಗಿದೆ. ಭಾರತಕ್ಕೆ ಮೊದಲನೆಯದು.

ಧಾರವಾಡದಾಕಿ

ಹಂಗಾದ್ರ ಅಲ್ಲಿ ಹೋಗೂ ಕನ್ನಡದ ಹೆಣ್ಮಕ್ಕಳಿಗೆ ಜೇನ್ ಕಥಿ ಹೇಳ್ತಾರೇನ್ರಿ?

ಸಾಲ್ಟ್‌ಲೇಕ್ ಸೊಸೆ

ರಕ್ತದ ಹೆಜ್ಜೆ, ಹಿಟ್ಟು ಹಂಚಿದ್ದು, ಇವೆರಡು ಇಲ್ಲಿ ಭಾನುವಾರದ ಪಾಠಗಳಲ್ಲಿ ಬರ್ತವೆ ಅಕ್ಕ. ಅರ್ಜಿಗಳ ವಿಷಯಕ್ಕೆ ಯಾರು ಪಾಠ ಮಾಡ್ತಾರೆ ಅನ್ನೋದರ ಮೇಲೆ ಹೋಗುತ್ತೆ.

ಬೆಣ್ಣೆದೋಸೆ

ಅರ್ಜಿ ಬಿಟ್ಟು ಹೇಳಿದ್ರೆ ಅದು ಅವಳ ಕಥೆ ಅಲ್ಲ, ಅವರ ಕಥೆ.

ಹಳೇಗಡಿಯಾರ

ಇದೊಂದು ಮಾತಿಗೆ ದೋಸೆಗೆ ಎರಡು ಚಮಚ ಬೆಣ್ಣೆ ಎಕ್ಸ್ಟ್ರಾ. ಗ್ರೀನ್ ಫ್ಲೇಕ್ ಬಗ್ಗೆ ಇಬ್ಬರು ಇನ್‌ಬಾಕ್ಸ್‌ನಲ್ಲಿ ಕೇಳಿದ್ದಾರೆ, ಅದಕ್ಕೆ ಬೇರೆ ಚರ್ಚೆ ತೆಗೆಯುತ್ತೇನೆ. ಎಲೈಜಾ ಏಬಲ್ ಬಗ್ಗೆ ಕಾಗದ ಸರ್ ಬರೆದರೆ ಚೆನ್ನ.

ಕರಾವಳಿ ಕಾಗದ

ಬರೀತೇನೆ. ಮಳೆ ಜೋರಿದೆ, ಕರೆಂಟ್ ಇದ್ದರೆ ಈ ವಾರವೇ.